ಫಾರ್ಮ್ಯಾಟ್ ಆದ ಅತ್ತೆ

ಹೊಸ ಟಿವಿ ಕೇಳಿದ್ದು ಒಂದೇ ಪ್ರಶ್ನೆ: ‘ಫಾರ್ಮ್ಯಾಟ್ ಮಾಡಬೇಕೇ?’ ಮನೆಯಲ್ಲಿ ತಮ್ಮ ಒಪ್ಪಿಗೆ ಕೇಳುವವರೇ ಇಲ್ಲದ ಸಿದ್ಧಕಟ್ಟೆಯ ರಮಾನಾಥ ಶೆಟ್ಟರು ಸಂತೋಷದಿಂದ ‘ಹೌದು’ ಒತ್ತಿಬಿಟ್ಟರು.

ಟಿವಿಗೆ ಚುಚ್ಚಿದ್ದ ಹಾರ್ಡ್ ಡಿಸ್ಕಿನಲ್ಲಿ ಇದ್ದವರು ಅವರ ಅತ್ತೆ. ಹೋದ ವರ್ಷ ಕ್ಯಾನ್ಸರಿನಲ್ಲಿ ತೀರಿಕೊಂಡ ಅಮ್ಮಣಿಯವರು ಬಸಳೆ ಕೊಯ್ಯುವ, ನಗುವ, ಬೈಯುವ ವಿಡಿಯೋಗಳನ್ನು ಮಗಳು ಕಾಂತಿ, ಅಂದರೆ ಶೆಟ್ಟರ ಹೆಂಡತಿ, ಅದರಲ್ಲೇ ಇಟ್ಟಿದ್ದಳು. ಬೇರೆಲ್ಲೂ ಇರಲಿಲ್ಲ. ಮುಂದಿನ ತಿಂಗಳ ವರ್ಷಾಂತಿಕದ ದಿನ ನೆಂಟರಿಗೆಲ್ಲ ತೋರಿಸುವುದೆಂದು ನಿಶ್ಚಯವೂ ಆಗಿತ್ತು.

ಶೆಟ್ಟರ ಒಂದೇ ಒತ್ತಿಗೆ ಎಲ್ಲವೂ ಅಳಿಸಿಹೋಗಿತ್ತು. ಡಿಸ್ಕು ಖಾಲಿ ಕಂಡರೆ ತಾನೇ ಸಂಶಯ? (ಇಂಥ ಮಹಾಬುದ್ಧಿ ಅವರಿಗೆ ಹೊಳೆಯುವುದು ಇಂಥ ಹೊತ್ತಿನಲ್ಲೇ.) ಲ್ಯಾಪ್‌ಟಾಪಿನಲ್ಲಿದ್ದ ಯಕ್ಷಗಾನಗಳನ್ನೆಲ್ಲ ಅದಕ್ಕೆ ತುರುಕಿ ಕಪಾಟಿನಲ್ಲಿಟ್ಟರು.

ಮರುದಿನ ಕಾಂತಿ ತೆರೆದರೆ, ಅಮ್ಮನ ಬದಲು ಮಹಿಷಾಸುರ ಬೊಬ್ಬೆ ಹೊಡೆದ. ಗುಟ್ಟು ಬಯಲಾಯಿತು. ಕಾಂತಿ ಬೈಯಲಿಲ್ಲ, ಶೆಟ್ಟರು ಹೆದರಿದ್ದು ಅದಕ್ಕೇ.

“ಅಮ್ಮನ ಸ್ವರವೇ ಮರೆತುಹೋಗ್ತಾ ಉಂಟು ನನಗೆ. ಈಗ ಎಲ್ಲಿ ಹುಡುಕುವುದು ಮಾರಾಯ್ರೆ?” ಎಂದು ನೆಲದಲ್ಲೇ ಕುಳಿತಳು.

ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಯ ಮಿಸ್ರಿಯಾ ಡಿಸ್ಕು ನೋಡಿ ಮುಖ ಸಣ್ಣ ಮಾಡಿದಳು. “ಬರೀ ಫಾರ್ಮ್ಯಾಟ್ ಆಗಿದ್ರೆ ಹೆಚ್ಚಿನದೆಲ್ಲ ಸಿಗ್ತಿತ್ತು ಅಕ್ಕ. ಮೇಲಿಂದ ಇಷ್ಟೆಲ್ಲ ತುಂಬಿಸಿದ್ದು ಯಾರು?”

ಕಾಂತಿ ಗಂಡನನ್ನು ನೋಡಿದಳು. ಗಂಡ ಗೋಡೆಯ ಕ್ಯಾಲೆಂಡರ್ ನೋಡಿದರು.

ವಾರದ ನಂತರ ಮಿಸ್ರಿಯಾ ಕರೆದಳು. “ಒಂದೇ ವಿಡಿಯೋ ಸರಿಯಾಗಿ ಉಂಟು. ಅದೂ ಯಾರೋ ಮೊದಲೇ ಡಿಲೀಟ್ ಮಾಡಿದ್ದು.”

ಪರದೆಯಲ್ಲಿ ಅಮ್ಮಣಿ ಆಸ್ಪತ್ರೆಯ ಮಂಚದ ಮೇಲಿದ್ದರು. ಸ್ವರ ಮಾತ್ರ ಗಟ್ಟಿಯಾಗಿತ್ತು. “ಕಾಂತೀ, ನಿನ್ನನ್ನು ಈ ಮಂಡೆ ಇಲ್ಲದವನಿಗೆ ಕೊಟ್ಟೆನಲ್ಲ, ಅದೊಂದೇ ಬೇಜಾರು ನನಗೆ. ಫ್ಯಾನ್ ಹಾಕು ಅಂದ್ರೆ ಲೈಟ್ ಆರಿಸ್ತಾನೆ!” ಎಂದು ಕೆಮ್ಮಿ, ಕೆಮ್ಮಿ, ಕೊನೆಗೆ ಬಾಯಿತುಂಬ ನಕ್ಕರು.

“ನಾನೇ ಅಳಿಸಿದ್ದು,” ಕಾಂತಿ ಕಣ್ಣೊರೆಸಿಕೊಂಡಳು. “ನಿಮ್ಮ ಕಣ್ಣಿಗೆ ಬೀಳಬಾರದು ಅಂತ.”

ವರ್ಷಾಂತಿಕದ ದಿನ ಊಟ ಮುಗಿಸಿದ ನೆಂಟರೆಲ್ಲ ಹೊಸ ಟಿವಿಯ ಮುಂದೆ ಸೇರಿದರು. ಅತ್ತೆ ಮಾತಾಡಿದರು, ನಕ್ಕರು. ಸಭೆ ಅತ್ತಿತು. ಕೆಲವರು ಶೆಟ್ಟರನ್ನು ನೋಡಿ ಹೌದೆಂಬಂತೆ ತಲೆಯಾಡಿಸಿದರು.

“ಇನ್ನೊಮ್ಮೆ ಹಾಕಿ,” ಎಂದಳು ಕಾಂತಿ.

ಬೇರೆ ಯಾವ ಗುಂಡಿಗೂ ಬೆರಳು ತಾಗದಂತೆ ಶೆಟ್ಟರು ಜೋಪಾನವಾಗಿ ರಿಮೋಟ್ ಒತ್ತಿದರು.