ಒಂಬತ್ತನೇ ಕಿಟಕಿಯವರೆಗಿನ ಚಾರಣ

ಅಲ್ಕಾಸೆರ್ನ ನಗರದ ಪೂರ್ವಕ್ಕೆ, ಹಳೆಯ ಕೋಟೆಗೋಡೆಗೆ ಅಂಟಿಕೊಂಡಂತಿರುವ ಸಾನ್ ರೋಕೆ ನಿಸರ್ಗ ಉದ್ಯಾನದಲ್ಲಿ ಜನರು ನಡೆದಾಡುತ್ತಿದ್ದಾರೆ ಎಂಬ ಸಂಗತಿಯು ಮಾರ್ಚ್ ತಿಂಗಳ ಎರಡನೆಯ ವಾರದಲ್ಲಿ ಸಂಬಂಧಪಟ್ಟ ಅಧಿಕಾರಿಗಳ ಗಮನಕ್ಕೆ ಬಂದಿತು.

ಅದಕ್ಕೂ ಮುಂಚೆ ಸುಮಾರು ಒಂಬೈನೂರು ವರ್ಷಗಳಿಂದ ಜನ ಅಲ್ಲಿ ನಡೆದಾಡುತ್ತಲೇ ಇದ್ದರು. ಆದರೆ ಯಾರೂ ಲಿಖಿತವಾಗಿ ತಿಳಿಸಿರಲಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಹೀಗೆ ಲಿಖಿತವಿಲ್ಲದೆ ನಡೆಯುತ್ತಿದ್ದವರಲ್ಲಿ ಎಮೆತೇರಿಯೊ ಒಬ್ಬ. ಎಪ್ಪತ್ತೊಂದು ವರ್ಷ. ಮೂವತ್ತೆಂಟು ವರ್ಷ ಐದನೇ ನಂಬರಿನ ಸಿಟಿ ಬಸ್ಸು ಓಡಿಸಿ, ಅಂದರೆ ಮೂವತ್ತೆಂಟು ವರ್ಷ ಕೂತು, ನಿವೃತ್ತನಾದ ದಿನವೇ ಡಾಕ್ಟರು ಅವನ ರಕ್ತದ ವರದಿ ನೋಡಿ ಕಿಟಕಿಯಾಚೆಗಿನ ಗುಡ್ಡಕ್ಕೆ ಕೈ ತೋರಿಸಿದ್ದರು. ಊರಿನ ಮುದುಕ ಮುದುಕಿಯರಿಗೆಲ್ಲ ಆ ಡಾಕ್ಟರು ಬರೆಯುವ ಔಷಧಿ ಅದೊಂದೇ. ಹಾಗಾಗಿ ಕೋಟೆಬಾಗಿಲಿನಿಂದ ಹೊರಟು ಪೈನ್ ಮರಗಳ ನಡುವೆ ಗುಡ್ಡದ ತುದಿಯ ಪುಟ್ಟ ಚರ್ಚಿನವರೆಗೆ ಹೋಗುವ ಆ ಹಾದಿಗೆ ಕೊಲೆಸ್ಟೆರಾಲ್ ದಾರಿ ಎಂದೇ ಹೆಸರು.

ಚರ್ಚಿನ ಪಕ್ಕದಲ್ಲಿ ಒಂದು ಚಿಲುಮೆ. ಅದರ ನೀರು ಕುಡಿದು, ಚರ್ಚಿನ ಗೋಡೆಗೆ ಅಂಗೈಯಿಂದ ಒಮ್ಮೆ ತಟ್ಟಿದರೆ ಆ ದಿನದ ನಡಿಗೆ ಮುಗಿದಂತೆ. ತಟ್ಟದೆ ಇಳಿದವರ ಕೊಲೆಸ್ಟೆರಾಲ್ ಅವರ ಜೊತೆಗೇ ಇಳಿದು ಬರುತ್ತದೆ ಎಂಬ ನಂಬಿಕೆ. ಚಿಲುಮೆಗೆ ನಳಿಕೆ ಒಂದೇ, ಆದರೆ ಈ ಊರಲ್ಲಿ ಯಾರೂ ಸಾಲಾಗಿ ನಿಲ್ಲುವವರಲ್ಲ. ನೆರಳು ಸಿಕ್ಕಲ್ಲಿ ಕೂರುತ್ತಾರೆ. ಹೊಸದಾಗಿ ಬಂದವರು "ಕೊನೆಯವರು ಯಾರು?" ಎಂದು ಕೇಳಬೇಕು, ಕೊನೆಯವರು ಕೈ ಎತ್ತಬೇಕು, ಅವರ ಹಿಂದೆ ತಮ್ಮ ಸರದಿ ಎಂದು ನೆನಪಿಟ್ಟುಕೊಳ್ಳಬೇಕು. ಬ್ಯಾಂಕಿನಲ್ಲಿ, ಮೀನಂಗಡಿಯಲ್ಲಿ, ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವಲ್ಲಿ, ಎಲ್ಲೆಲ್ಲೂ ಇದೇ ಪದ್ಧತಿ.

ಎಮೆತೇರಿಯೊ ಬೇಗ ಬಂದುಬಿಡುತ್ತಿದ್ದ. ಬಂದವನು ಸರದಿ ಹಿಡಿಯುತ್ತಿರಲಿಲ್ಲ. ಕೆಳಗಿನ ತಿರುವಿನಲ್ಲಿ ಒಂದು ಕೆಂಪು ಟೋಪಿ ಕಾಣಿಸುವವರೆಗೆ ಬೂಟಿನ ದಾರ ಬಿಚ್ಚುತ್ತ, ಕಟ್ಟುತ್ತ ಕೂತಿರುತ್ತಿದ್ದ. ಟೋಪಿ ಕಂಡ ಕೂಡಲೇ ಎದ್ದು "ಕೊನೆಯವರು ಯಾರು?" ಎಂದು ಕೇಳಿ ತಾನು ಕೊನೆಯವನಾಗುತ್ತಿದ್ದ. ಎರಡು ನಿಮಿಷಕ್ಕೆ ಆ ಟೋಪಿಯ ಒಡತಿ ಲಿಯೊಕಾದಿಯ ಚಿಲುಮೆಯ ಬಳಿ ಬಂದು, ಏದುಸಿರು ಬಿಡುತ್ತ ಅದನ್ನೇ ಕೇಳುತ್ತಿದ್ದಳು.

"ನಾನೇ," ಎನ್ನುತ್ತಿದ್ದ ಎಮೆತೇರಿಯೊ.

"ಹಾಗಾದ್ರೆ ನಿಮ್ಮ ಹಿಂದೆ ನಾನು."

ಆಕೆ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು, ವಿಧವೆ, ಮಾತು ಖಾರ. ಅವನು ವಿಧುರ, ಮಾತು ಕಡಿಮೆ. ಮೂರು ವರ್ಷದಿಂದ ಇಷ್ಟೇ ನಡೆದಿತ್ತು. ಊರ ಚೌಕದಲ್ಲಿ ಒಂದು ಕಾಫಿಗೆ ಕರೆಯಬಹುದಿತ್ತಲ್ಲ ಎಂದು ಕೇಳುವವರು ಎಪ್ಪತ್ತೊಂದು ತುಂಬಿದ ಮೇಲೆ ಕೇಳಬೇಕು. ಕಾಫಿಗೆ ಕರೆದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ಸರದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಇದ್ದರೆ ಯಾರೂ ಏನೂ ಅನ್ನುವಂತಿಲ್ಲ. ಎಮೆತೇರಿಯೊಗೆ ಆ ಎರಡು ನಿಮಿಷವೇ ಇಡೀ ದಿನವಾಗಿತ್ತು.

ನಗರ ಚಾರಣ ಸಮನ್ವಯ ಕಚೇರಿಯ ನಿರ್ದೇಶಕರಾದ ಡಾನ್, ಅಂದರೆ ಶ್ರೀಯುತ, ಫುಲ್ಹೆನ್ಸಿಯೊ ಅವರು ಮಂಡಿನೋವಿನ ಕಾರಣ ಗುಡ್ಡವನ್ನು ಎಂದೂ ಹತ್ತಿದವರಲ್ಲ. ಆದುದರಿಂದ ಗುಡ್ಡದ ವಿಷಯದಲ್ಲಿ ಅವರ ದೃಷ್ಟಿ ನಿಷ್ಪಕ್ಷಪಾತವಾಗಿತ್ತು. ಪ್ರತಿದಿನ ನಾನೂರ ಹನ್ನೆರಡು ಜನ, ಅಂದರೆ ಎಂಟುನೂರ ಇಪ್ಪತ್ತನಾಲ್ಕು ಕಾಲುಗಳು, ನಿಸರ್ಗವನ್ನು ತುಳಿಯುತ್ತಿವೆ ಎಂದು ಅವರು ಕಂಡುಹಿಡಿದರು. ಏಪ್ರಿಲ್ ಒಂದರಂದು ಕೋಟೆಬಾಗಿಲಿಗೆ ಪ್ರಕಟಣೆ ಅಂಟಿತು:

"ಸಾರ್ವಜನಿಕರ ಗಮನಕ್ಕೆ. ಇನ್ನು ಮುಂದೆ ಉದ್ಯಾನದಲ್ಲಿ ನಡೆಯುವುದನ್ನು ನಗರ ಚಾರಣವೆಂದು ಪರಿಗಣಿಸಲಾಗುವುದು. ಕಾಲುಗಳ ಒತ್ತಡ ತಗ್ಗಿಸುವ ಸಲುವಾಗಿ, ಗುರುತಿನ ಚೀಟಿಯ ಕೊನೆಯ ಅಂಕಿ ಸಮವಾಗಿರುವವರು ಸಮ ತಾರೀಖಿನಂದೂ ಬೆಸವಾಗಿರುವವರು ಬೆಸ ತಾರೀಖಿನಂದೂ ಹತ್ತತಕ್ಕದ್ದು. ಮೂವತ್ತೊಂದನೇ ತಾರೀಖಿನಂದು ಗುಡ್ಡವು ವಿಶ್ರಾಂತಿ ಪಡೆಯುವುದು. ಹತ್ತಿದವರು ಅದೇ ದಿನ ಇಳಿಯತಕ್ಕದ್ದು. ಇಳಿಯಲು ಪ್ರತ್ಯೇಕ ಅನುಮತಿ ಬೇಕಾಗಿಲ್ಲ."

ಕೊನೆಯ ವಾಕ್ಯದಲ್ಲಿ ಕಚೇರಿಯ ಔದಾರ್ಯವನ್ನು ಎಲ್ಲರೂ ಕಂಡರು. ಎಮೆತೇರಿಯೊ ಮಾತ್ರ ತನ್ನ ಚೀಟಿ ತೆಗೆದು ನೋಡಿದ. ನಾಲ್ಕು. ಮರುದಿನ, ಎರಡನೇ ತಾರೀಖು, ಚಿಲುಮೆಯ ಹತ್ತಿರ ಕೂತು ಬೂಟಿನ ದಾರ ಹದಿನೇಳು ಸಲ ಕಟ್ಟಿದ. ತಿರುವಿನಲ್ಲಿ ಕೆಂಪು ಟೋಪಿ ಬರಲಿಲ್ಲ. ಲಿಯೊಕಾದಿಯಳ ಅಂಕಿ ಬೆಸ ಎಂದು ಅವನಿಗೆ ಹಾಗೆ ಗೊತ್ತಾಯಿತು.

ಮೂರನೇ ತಾರೀಖು ಬೆಳಿಗ್ಗೆ ಅವನು ಕಚೇರಿಯ ಮೆಟ್ಟಿಲು ಹತ್ತಿದ.

ಕಚೇರಿ ಇದ್ದದ್ದು ಹಳೆಯ ಸನ್ಯಾಸಿನಿಯರ ಮಠದಲ್ಲಿ. ನಡುವೆ ಅಂಗಳ, ಸುತ್ತ ಕಂಬಗಳ ಪಡಸಾಲೆ, ಮೂರು ಅಂತಸ್ತು, ಒಂಬತ್ತು ಕಿಟಕಿ. ಒಂದನೇ ಕಿಟಕಿ ನೆಲಮಹಡಿಯ ಪೂರ್ವಕ್ಕೆ, ಎರಡನೆಯದು ಮೂರನೇ ಅಂತಸ್ತಿನ ಪಶ್ಚಿಮಕ್ಕೆ, ಮೂರನೆಯದು ಮತ್ತೆ ಕೆಳಗೆ. ಸನ್ಯಾಸಿನಿಯರು ತಮ್ಮ ಕೋಣೆಗಳಿಗೆ ಹಾಕಿದ್ದ ಸಂಖ್ಯೆಗಳವು. ಕಟ್ಟಡ ಪಾರಂಪರಿಕವಾದ್ದರಿಂದ ಸಂಖ್ಯೆ ಬದಲಿಸುವುದು ಅಪರಾಧ. ಲಿಫ್ಟ್ ಹಾಕುವುದು ಮಹಾಪರಾಧ.

ಒಂದನೇ ಕಿಟಕಿಯ ವಿಸಿತಾಸಿಯೋನ್ ಎಂಬಾಕೆ ಟೊಮೆಟೊ ಸವರಿದ ಸುಟ್ಟ ಬ್ರೆಡ್ಡನ್ನು ಪಕ್ಕಕ್ಕಿಟ್ಟು ಅರ್ಜಿ ತೆಗೆದುಕೊಂಡಳು.

"ದಿನ ಯಾಕೆ ಬದಲಾಯಿಸ್ಬೇಕು ತಾತ?"

"ಬೆಸ ದಿನ ಗಾಳಿ ಚೆನ್ನಾಗಿರುತ್ತಮ್ಮ."

"ಗಾಳಿ ಅಂದ್ರೆ ನಾಲ್ಕನೇ ಕಿಟಕಿ, ಹವಾಮಾನದವರು. ಅವರು ಮುಂದಿನ ವರ್ಷದ ಜೂನ್‌ವರೆಗೂ ರಜ. ಆರೋಗ್ಯ ಅಂತ ಹಾಕ್ಲಾ?"

"ಹಾಕು. ಎದೆಗೆ ಸಂಬಂಧಪಟ್ಟಿದ್ದು."

"ಎದೆ ಅಂದ್ರೆ ಏಳನೇ ಕಿಟಕಿ, ಮೂರನೇ ಅಂತಸ್ತು. ಅಲ್ಲಿಂದ ಎರಡು, ಆಮೇಲೆ ಐದು, ಕೊನೆಗೆ ಒಂಬತ್ತು. ನಿಧಾನ ಹತ್ತಿ. ಎದೆ ಅಂತೀರಾ ಬೇರೆ."

ಅವನು ಹತ್ತಿದ, ಇಳಿದ, ಹತ್ತಿದ. ಎರಡು ವಾರ ದಿನಾ ಬೆಳಿಗ್ಗೆ ಹೀಗೆ ಮಾಡಿದ ಮೇಲೆ ಅರ್ಜಿ ಮಂಜೂರಾಯಿತು. ಈ ಕಚೇರಿಯಲ್ಲಿ ಎರಡು ವಾರವೆಂದರೆ ಮಿಂಚಿನ ವೇಗ. ಕಾರಣವನ್ನು ಆದೇಶದಲ್ಲೇ ನಮೂದಿಸಲಾಗಿತ್ತು: "ಇದೇ ಅವಧಿಯಲ್ಲಿ ಮತ್ತೊಬ್ಬ ಚಾರಣಿಗರು ಬೆಸದಿಂದ ಸಮಕ್ಕೆ ವರ್ಗ ಕೋರಿರುವುದರಿಂದ ಒಟ್ಟು ಕಾಲುಗಳ ಸಮತೋಲನಕ್ಕೆ ಧಕ್ಕೆಯಿರುವುದಿಲ್ಲ."

ಆ ಮತ್ತೊಬ್ಬ ಚಾರಣಿಗರು ಯಾರೆಂದು ಎಮೆತೇರಿಯೊ ಯೋಚಿಸಲಿಲ್ಲ. ಹತ್ತೊಂಬತ್ತನೇ ತಾರೀಖು ಗಡ್ಡ ಹೆರೆದು, ಹೊಸ ಅಂಗಿ ತೊಟ್ಟು ಗುಡ್ಡ ಹತ್ತಿದ. ಚಿಲುಮೆಯ ಬಳಿ ಪರಿಚಯದವನೊಬ್ಬ ನಕ್ಕ.

"ಏನಯ್ಯಾ ಡ್ರೈವರ್, ರೂಟು ಬದಲಾಯ್ತಾ? ಆ ಕೆಂಪು ಟೋಪಿಯಮ್ಮನೂ ಅಷ್ಟೇ. ಮಧ್ಯಾಹ್ನದ ಮೇಲೆ ಕಚೇರಿಗೆ ಓಡಾಡಿ ಓಡಾಡಿ ಸಮ ದಿನ ಮಾಡಿಸ್ಕೊಂಡ್ಲಂತೆ. ಬೆಸ ದಿನ ನೀರು ಸಪ್ಪೆ ಅಂದ್ಲಂತೆ."

ಎಮೆತೇರಿಯೊ ಆ ದಿನ ನೀರು ಕುಡಿಯಲಿಲ್ಲ. ಗೋಡೆ ತಟ್ಟುವುದನ್ನೂ ಮರೆತ. ದುಃಖಕ್ಕೂ ಸಂತೋಷಕ್ಕೂ ಒಟ್ಟಿಗೇ ಅರ್ಜಿ ಹಾಕಿದವನಂತೆ, ಯಾವುದೂ ಮಂಜೂರಾಗದೆ, ಗುಡ್ಡ ಇಳಿದು ನೇರ ಕಚೇರಿಗೆ ಬಂದ. ಪಡಸಾಲೆಯ ಕಲ್ಲುಬೆಂಚುಗಳ ಮೇಲೆ ಹತ್ತು ಹನ್ನೆರಡು ಮಂದಿ ಚದುರಿ ಕೂತಿದ್ದರು. ಪದ್ಧತಿಯಂತೆ ಕೇಳಿ, ಪದ್ಧತಿಯಂತೆ ಕೊನೆಯವನಾಗಿ ಕೂತ. ಹಿಂದಿನಿಂದ ಏದುಸಿರು ಕೇಳಿಸಿತು.

"ಕೊನೆಯವರು ಯಾರು?"

ಅವನು ಕೈ ಎತ್ತಿದ. ಲಿಯೊಕಾದಿಯ ತನ್ನ ಟೋಪಿ ತೆಗೆದು ಗಾಳಿ ಹಾಕಿಕೊಂಡಳು.

"ಹಾಗಾದ್ರೆ ನಿಮ್ಮ ಹಿಂದೆ ನಾನು," ಎಂದವಳು ಪಕ್ಕದಲ್ಲಿ ಕೂತು, "ನಿಮಗೆ ಬುದ್ಧಿ ಇದೆಯಾ? ನಾನು ಅಷ್ಟು ಕಷ್ಟಪಟ್ಟು ಆ ಕಡೆ ಹೋದ್ರೆ, ನೀವು ಈ ಕಡೆ ಬಂದ್ರಂತೆ," ಎಂದಳು.

"ನೀವು ಇದ್ದಲ್ಲೇ ಇದ್ದಿದ್ರೆ ಆಗ್ತಿತ್ತು."

"ಬಸ್ ಸ್ಟಾಪಿನಲ್ಲಿ ನಿಂತೋರಿಗೆ ಬಸ್ಸು ಬರುತ್ತೆ ಅಂತ ಯಾರು ಹೇಳ್ಬೇಕಿತ್ತು? ಡ್ರೈವರ್ ತಾನೇ?"

ಮೂವತ್ತೆಂಟು ವರ್ಷದಲ್ಲಿ ಇಷ್ಟು ನ್ಯಾಯವಾದ ದೂರು ಅವನ ಮೇಲೆ ಬಂದಿರಲಿಲ್ಲ.

ಇಬ್ಬರೂ ಮತ್ತೆ ಅರ್ಜಿ ಹಾಕಿದರು. ಈ ಸಲ ಅವನೊಬ್ಬನೇ ಬದಲಾದರೆ ಕಾಲುಗಳ ಸಮತೋಲನ ಕೆಡುತ್ತಿತ್ತು. ಇಬ್ಬರೂ ಬದಲಾದರೆ ಮೊದಲಿನಂತೆಯೇ ಆಗುತ್ತಿತ್ತು. ವಿಷಯ ಜಟಿಲವಾದ್ದರಿಂದ ದಿನವೂ ಬಂದು ಹೋಗಬೇಕೆಂದು ಸೂಚಿಸಲಾಯಿತು. ಗೆಳತಿ ಒಂದು ದಿನ, ಗಂಡ ಒಂದು ದಿನ, ಮೊಲದ ಬೇಟೆಗೆ ಜೊತೆಯಾಗುವ ಭಾವ ಇನ್ನೊಂದು ದಿನ ಎಂದು ಹಂಚಿಹೋದ ಮಿಕ್ಕವರೂ ಬರತೊಡಗಿದರು. ಮೇ ತಿಂಗಳ ಹೊತ್ತಿಗೆ ಊರಿನ ನಡಿಗೆಯವರೆಲ್ಲ ಒಂದನೇ ಕಿಟಕಿಯಿಂದ ಒಂಬತ್ತನೆಯದರವರೆಗೆ ಹತ್ತಿಳಿಯುತ್ತಿದ್ದರು. ಕೊನೆಯಲ್ಲಿ ಒಂಬತ್ತನೇ ಕಿಟಕಿಯ ಕಟ್ಟೆಗೆ ಅಂಗೈಯಿಂದ ತಟ್ಟಿ ಮನೆಗೆ ಹೋಗುವುದು ರೂಢಿಯಾಯಿತು. ಯಾರು ಮೊದಲು ತಟ್ಟಿದರೋ ಗೊತ್ತಿಲ್ಲ.

ಜೂನ್‌ನಲ್ಲಿ ಡಾಕ್ಟರು ರಕ್ತದ ವರದಿಗಳನ್ನು ನೋಡಿ ಕನ್ನಡಕ ಒರೆಸಿಕೊಂಡರು. ಕೊಲೆಸ್ಟೆರಾಲ್ ಗುಡ್ಡದ ಕಾಲಕ್ಕಿಂತಲೂ ಕೆಳಗಿತ್ತು. ಸುದ್ದಿ ತಲುಪಿದ ಡಾನ್ ಫುಲ್ಹೆನ್ಸಿಯೊ ಪಡಸಾಲೆಯನ್ನು ಅಳೆಸಿದರು. ಒಂದು ಅರ್ಜಿಗೆ ನಾಲ್ಕು ಕಿಲೋಮೀಟರು ನೂರು ಮೀಟರು, ಮುನ್ನೂರ ಆರು ಮೆಟ್ಟಿಲು. ಗುಡ್ಡದ ದಾರಿಯಾದರೋ ಬರಿಯ ಮೂರೂವರೆ. ಜುಲೈ ಮೊದಲ ವಾರದ ಪ್ರಕಟಣೆ ಹೀಗಿತ್ತು:

"ಸಮನ್ವಯ ಕಚೇರಿಯ ಪಡಸಾಲೆಯನ್ನು ಪ್ರಮಾಣೀಕೃತ ನಗರ ಚಾರಣ ಮಾರ್ಗವೆಂದು ಘೋಷಿಸಲಾಗಿದೆ. ಕಠಿಣತೆ: ಮಧ್ಯಮ. ಬಿಸಿಲು: ಇಲ್ಲ. ಚಾರಣಿಗರು ಬೂಟು ಧರಿಸತಕ್ಕದ್ದು. ಅರ್ಜಿ ಇಲ್ಲದೆ ನಡೆಯುವುದು ನಿಷಿದ್ಧ."

ಕಂಬಗಳಿಗೆ ಚಾರಣದ ಹಾದಿಯ ಗುರುತಾದ ಬಿಳಿ ಹಳದಿ ಪಟ್ಟಿ ಬಳಿದರು. ಎರಡನೇ ಅಂತಸ್ತಿನ ತಿರುವಿನಲ್ಲಿ ಕುಂಡದಲ್ಲೊಂದು ಪೈನ್ ಸಸಿ ಇಟ್ಟು "ಅರಣ್ಯ ಪ್ರದೇಶ" ಎಂದು ಫಲಕ ಹಾಕಿದರು. ಒಂಬತ್ತನೇ ಕಿಟಕಿಯ ಪಕ್ಕ ನೀರಿನ ಡಬ್ಬ ಬಂತು. ಅದಕ್ಕೂ ನಳಿಕೆ ಒಂದೇ. ಗುಡ್ಡದ ಮೇಲೆ ಕಾಲುಗಳ ಒತ್ತಡ ಸೊನ್ನೆಗಿಳಿದು, ಉದ್ಯಾನವು ನೂರಕ್ಕೆ ನೂರು ಸಂರಕ್ಷಿತವಾಗಿದೆ ಎಂಬ ವರದಿ ರಾಜಧಾನಿಗೆ ಹೋಯಿತು, ಅಲ್ಲಿಂದ ಪ್ರಶಸ್ತಿಫಲಕ ಬಂತು. ಗುಡ್ಡದ ಕಾವಲುಗಾರ ಮಾತಾಡಲು ಜನರಿಲ್ಲದೆ ಕೊರಗಿ ವರ್ಗಾವಣೆ ಕೇಳಿದ. ಅವನ ಅರ್ಜಿಯೂ ಈಗ ಐದನೇ ಕಿಟಕಿಯಲ್ಲಿದೆ, ಅವನೂ ಬೂಟು ಹಾಕಿಕೊಂಡು ಬರುತ್ತಾನೆ.

ಮೂರನೇ ಅಂತಸ್ತಿನಿಂದ ಸಾನ್ ರೋಕೆ ಕಾಣುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತು ಆ ಕಿಟಕಿಯಿಂದ ನೋಡಿದವರು ಹೇಳಿದ್ದೇ ಇರಬೇಕು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಲ್ಲಿ ಲಿಯೊಕಾದಿಯ ಗುಡ್ಡ ನೋಡುತ್ತ ನಿಂತಿದ್ದಳು.

"ನನಗೆ ಗುಡ್ಡದ ನೀರು ನೆನಪಾಗುತ್ತೆ," ಎಂದಳು.

ಎಮೆತೇರಿಯೊಗೆ ಮುನ್ನೂರ ಆರು ಮೆಟ್ಟಿಲಿಗೂ ಆಗದ ಎದೆಬಡಿತ ಆಗ ಶುರುವಾಯಿತು. ಒಂದನೇ ಕಿಟಕಿಗೆ ಇಳಿದುಹೋಗಿ, ಇಬ್ಬರೂ ಒಂದೇ ದಿನ ಗುಡ್ಡ ಹತ್ತಲು ಏನಾದರೂ ದಾರಿ ಇದೆಯೇ ಎಂದು ಕೇಳಿದ.

"ಜಂಟಿ ಅರ್ಜಿ ಅಂತ ಇದೆಯಲ್ಲ ತಾತ," ಎಂದಳು ವಿಸಿತಾಸಿಯೋನ್. "ಮೊದಲಿಂದ್ಲೂ ಇದೆ. ನೀವು ಕೇಳ್ಲಿಲ್ಲ."

ಆಕೆ ಹಾಳೆ ತೆಗೆದು ಇಬ್ಬರ ಹೆಸರು, ವಿಳಾಸ, ಕಾಲಿನ ಅಳತೆ ಬರೆದುಕೊಂಡಳು. ಆರನೇ ಅಂಕಣಕ್ಕೆ ಬಂದು ತಲೆ ಎತ್ತಿದಳು.

"ಸಂಬಂಧ?"

ಎಮೆತೇರಿಯೊ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ.

"ಗಂಡ ಹೆಂಡತಿನಾ? ಅಣ್ಣ ತಂಗಿನಾ? ನೆರೆಹೊರೆ? ಖಾಲಿ ಬಿಡೋ ಹಾಗಿಲ್ಲ."

ಪಡಸಾಲೆಯಲ್ಲಿದ್ದ ನಲವತ್ತು ಮಂದಿ ನಡೆಯುವುದನ್ನು ನಿಲ್ಲಿಸಿದರು.

"ಬರ್ಕೋ ತಾಯಿ," ಎಂದಳು ಲಿಯೊಕಾದಿಯ. "ಸರದಿಯಲ್ಲಿ ಇವರ ಹಿಂದೆ ನಾನು."

"ಅದು ಸಂಬಂಧ ಆಗುತ್ತಾ?"

"ಮೂರೂವರೆ ವರ್ಷದಿಂದ ಒಂದು ದಿನಕ್ಕೂ ಬೇರೆಯವರ ಹಿಂದೆ ನಿಂತಿಲ್ಲ. ಸಮ, ಬೆಸ ಅಂತ ಬೇರೆಯಾದ ದಿನಗಳಲ್ಲಿ ನೀರೇ ಕುಡಿದಿಲ್ಲ. ನಿನ್ನ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡದು ಇದ್ರೆ ಅದನ್ನೇ ಹಾಕು."

ವಿಸಿತಾಸಿಯೋನ್ ಕೈಪಿಡಿ ತೆರೆದು ನೋಡಿದಳು. ಅದಕ್ಕಿಂತ ದೊಡ್ಡದು ಇರಲಿಲ್ಲ. ನಿರ್ದೇಶಕರ ಅಭಿಪ್ರಾಯ ಕೇಳಲಾಗಿ, ಸದರಿ ಸಂಬಂಧಕ್ಕೆ ನಲವತ್ತು ಸಾಕ್ಷಿಗಳು ಸ್ಥಳದಲ್ಲೇ ಲಭ್ಯವಿರುವುದರಿಂದ ಅದನ್ನು ಅಂಗೀಕರಿಸಬಹುದೆಂದೂ, ಮುಂದಿನ ಮುದ್ರಣದಲ್ಲಿ ಅರ್ಜಿಗೇ ಸೇರಿಸಬಹುದೆಂದೂ ಅವರು ಬರೆದರು. ಆ ವಾರವೇ ಇನ್ನೂ ನಾಲ್ಕು ಜೋಡಿ ಅದೇ ಅಂಕಣ ತುಂಬಿದವು. ಅವರಲ್ಲಿ ಒಂದು ಜೋಡಿ ಗಂಡ ಹೆಂಡತಿಯೇ ಆಗಿದ್ದರೂ ಇದು ಹೆಚ್ಚು ಗೌರವದ್ದು ಎಂದರಂತೆ.

"ಜಂಟಿ ಅರ್ಜಿ ಇತ್ಯರ್ಥ ಆಗೋಕೆ ಕಡಿಮೆ ಅಂದ್ರೂ ಹದಿನೆಂಟು ತಿಂಗಳು," ಎಂದು ಮೊಹರು ಒತ್ತಿದಳು ವಿಸಿತಾಸಿಯೋನ್. "ಅಲ್ಲಿವರೆಗೆ ದಿನಾ ಬಂದು ವಿಚಾರಿಸ್ತಾ ಇರ್ಬೇಕು. ಇಬ್ಬರೂ ಒಟ್ಟಿಗೆ."

ಎಮೆತೇರಿಯೊ ಲಿಯೊಕಾದಿಯಳ ಮುಖ ನೋಡಿದ. ಆಕೆ ಕೆಂಪು ಟೋಪಿಯನ್ನು ಸರಿಮಾಡಿಕೊಳ್ಳುತ್ತಿದ್ದಳು.

"ಆತುರ ಏನಿಲ್ಲಮ್ಮ," ಎಂದ ಅವನು. "ರಜದಲ್ಲಿರೋ ನಾಲ್ಕನೇ ಕಿಟಕಿಯವರದ್ದೂ ಒಂದು ಸಹಿ ಬೇಕಾ ನೋಡು."