ರೋಹಿಣಿಯಲ್ಲಿ ಸುರಿದ ಅನಧಿಕೃತ ಮಳೆ

ಜ್ಯೋತಿಷ್ಯವು ವೇದದ ಆರು ಅಂಗಗಳಲ್ಲಿ ಒಂದು. ಯಜ್ಞಕ್ಕೆ ತಕ್ಕ ಹೊತ್ತನ್ನು ಗೊತ್ತುಮಾಡಲು ಹಿಂದಿನವರು ಆಕಾಶ ನೋಡಿದರು, ಅದನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರು. ಕೆಲಸ ಹೊತ್ತಿಗೆ ಸರಿಯಾಗಿ ಆಗಲೆಂದು ಹುಟ್ಟಿದ ಈ ಶಾಸ್ತ್ರವನ್ನು ಕೆಲಸ ಆಗದಂತೆ ನೋಡಿಕೊಳ್ಳಲೂ ಬಳಸಬಹುದೆಂದು ಕಂಡುಹಿಡಿದ ಕೀರ್ತಿ ಗುಡಗೇರಿ ಸಮೀಪದ ಮಡ್ಡಿಹಾಳದ ಮಳೆ ದೃಢೀಕರಣ ಕೇಂದ್ರಕ್ಕೆ ಸಲ್ಲುತ್ತದೆ.

ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರಿಡುವುದು ರೂಢಿ. ಸೂರ್ಯ ರೋಹಿಣಿಯಲ್ಲಿದ್ದಾಗ ಬಂದರೆ ರೋಹಿಣಿ ಮಳೆ, ಮೃಗಶಿರಕ್ಕೆ ಹೋದಮೇಲೆ ಬಂದರೆ ಮಿರಗದ ಮಳೆ. ಆದರೆ ರೈತರು ಬಾಯಲ್ಲಿ ನಕ್ಷತ್ರ ಹೇಳಿ, ಬಿತ್ತುವಾಗ ಮಾತ್ರ ಮಣ್ಣು ಮುಟ್ಟಿ ನೋಡುತ್ತಿದ್ದರು. ಈ ಅಶಿಸ್ತನ್ನು ತಡೆಯಲೆಂದೇ ಕೇಂದ್ರ ಸ್ಥಾಪನೆಯಾಯಿತು. ಅಧಿಕಾರಿ ಗೌರೀಶ ಅವರು ‘ಜ್ಯೋತಿಷ್ಯ ಪರಿಚಯ’ ತರಬೇತಿಗೆ ಮೊದಲ ದಿನ ಹಾಜರಿದ್ದವರು. ಅವರು ಮಾಡಿದ ನಿಯಮ ಸರಳವಾಗಿತ್ತು: ಮಿರಗದ ಮಳೆ ಬಿದ್ದ ಹೊಲಕ್ಕೆ ಮಾತ್ರ ಕೇಂದ್ರದಿಂದ ಶೇಂಗಾ ಬೀಜ.

ಒಂದು ವರ್ಷ ಮಳೆ, ಮಿರಗ ಶುರುವಾಗುವ ಮುನ್ನಾದಿನ ಸಂಜೆಯೇ ಸುರಿದುಬಿಟ್ಟಿತು. ಮರುದಿನ ಮುಂಜಾನೆ ಶಾರದವ್ವ ಕೇಂದ್ರದ ಬಾಗಿಲಲ್ಲಿದ್ದಳು. ಅವಳಿಗಿರುವುದು ಒಂದೇ ಎಕರೆ.

“ಸಾಹೇಬ್ರ, ಹೊಲ ಅಗದಿ ಹದಕ್ಕ ಬಂದೈತ್ರಿ. ಗಾಳಿ ಬಿಟ್ರ ಹಸಿ ಆರತೈತಿ. ಲಗೂನ ಬೀಜ ಕೊಡ್ರಿ.”

“ಬಿದ್ದದ್ದು ರೋಹಿಣಿ ಮಳಿ ಐತಲ್ರಿ, ಶಾರದವ್ವಾರ” ಎಂದರು ಗೌರೀಶ.

“ಮಳಿ ಅಂದ್ರ ಮಳಿನ ಅಲ್ಲೇನ್ರಿ?”

“ಹಂಗಂದ್ರ ಆಫೀಸ್ ಯಾಕ ಬೇಕ್ರಿ?”

ಶಾರದವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಆದರೂ ಕೇಂದ್ರ ಅವಳ ಮನವಿಯನ್ನು ತಳ್ಳಿಹಾಕಲಿಲ್ಲ, ವಿಚಾರಣೆಗೆ ತೆಗೆದುಕೊಂಡಿತು. ಮಗುವಿನ ಜಾತಕಕ್ಕೆ ಹುಟ್ಟಿದ ಗಳಿಗೆ ಬೇಕು. ಹಾಗಾದರೆ ಮಳೆ ಹುಟ್ಟುವುದು ಹನಿ ಮೋಡ ಬಿಟ್ಟಾಗಲೋ, ನೆಲ ಮುಟ್ಟಿದಾಗಲೋ? ಪಂಚಾಂಗ ಸದಸ್ಯ ಹೊಳೆಪ್ಪ ಅವರು ಮಿರ್ಚಿ ಭಜಿ ತಿನ್ನುತ್ತ ಮೋಡದ ಪರ ವಾದಿಸಿದರು. ಗೌರೀಶ ಅವರು ಗಿರಮಿಟ್ ತಿನ್ನುತ್ತ ನೆಲದ ಪರ ನಿಂತರು. ಎರಡು ಲೆಕ್ಕದಲ್ಲೂ ಮಳೆ ರೋಹಿಣಿಯದೇ ಆಗುತ್ತಿತ್ತು. ಆದರೆ ಪ್ರತಿ ವಿಚಾರಣೆಗೂ ತಿಂಡಿ ಮಂಜೂರಾಗಿದ್ದರಿಂದ ಚರ್ಚೆ ಬೇಗ ಮುಗಿಸುವುದು ಯಾರಿಗೂ ಸರಿ ಕಾಣಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು. ಗೋಡೆಯ ಮೇಲೆ ಪ್ರಕಟಣೆ ಬಿತ್ತು: “ಅವಧಿಗೆ ಮುನ್ನ ಬಿದ್ದ ಮಳೆಯಿಂದ ಒದ್ದೆಯಾದ ಹೊಲಗಳನ್ನು ಒಣಗಿದವೆಂದೇ ಭಾವಿಸತಕ್ಕದ್ದು.”

ಅದನ್ನು ಓದಿಸಿಕೊಂಡು ಶಾರದವ್ವ ಸೀದಾ ಮನೆಗೆ ಬಂದಳು. ಬಸುರಿ ಮಗಳು ನಂದಾಳ ಸೀಮಂತದ ಕುಬಸಕ್ಕೆ ಶೇಂಗಾ ಹೋಳಿಗೆ ಮಾಡಬೇಕೆಂದು ಕೂಡಿಟ್ಟಿದ್ದ ಶೇಂಗಾಕಾಯಿಯ ಚೀಲಗಳು ಅಟ್ಟದ ಮೇಲಿದ್ದವು. ಅವನ್ನು ಇಳಿಸುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

“ಬಿತ್ತಬೇ ಯವ್ವಾ, ಹೋಳಿಗಿ ಆಮ್ಯಾಲ ತಿಂದ್ರಾತು” ಎಂದಳು ನಂದಾ.

ಇದ್ದ ಹಸಿಯಲ್ಲೇ ಬಿತ್ತಿದರು. ಕುಬಸ ಬೆಲ್ಲದ ಅನ್ನದಲ್ಲಿ ಮುಗಿಯಿತು. ಮಿರಗದ ಮಳೆ ಆ ವರ್ಷ ಬರಲೇ ಇಲ್ಲ, ಬೀಜದ ಚೀಲಗಳು ಕೇಂದ್ರದಲ್ಲೇ ಕ್ಷೇಮವಾಗಿ ಉಳಿದವು. ಮುಂದೆ ಬಂದ ಮಳೆಗಳ ನಕ್ಷತ್ರವನ್ನು ಶಾರದವ್ವ ಕೇಳಲೂ ಹೋಗಲಿಲ್ಲ, ಶೇಂಗಾ ಮಾತ್ರ ಗೊಂಚಲು ಗೊಂಚಲಾಗಿ ಬಂತು. ದೃಢೀಕರಣವಿಲ್ಲದ ಹೊಲದಲ್ಲಿ ಬೆಳೆ ಬರಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ, ಕೇಂದ್ರ ಆ ಹೊಲವನ್ನು ಬೀಳು ಎಂದು ಘೋಷಿಸಿತು. ಊರವರೂ ಒಪ್ಪಿಕೊಂಡರು. ಬೆಳೆ ನೋಡಲು ಬಂದವರು, “ನಿನ್ನ ಬೀಳು ಹೊಲ ಚಲೋ ಬಂದೈತಿ ನೋಡವ್ವಾ” ಎಂದು ಹೊಗಳಿ ಹೋಗುತ್ತಿದ್ದರು.

ನಂದಾಳ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಗೌರೀಶ ಅವರಿಗೂ ಊಟದ ಕರೆ ಹೋಯಿತು. ಪಂಕ್ತಿಯಲ್ಲಿ ಅವರು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಕೇಳಿದರು:

“ಶೇಂಗಾ ಬಾಳ ರುಚಿ ಅದಾವ್ರಿ ಶಾರದವ್ವಾರ. ಎಲ್ಲಿವು?”

“ಬೀಳು ಬಿದ್ದ ಹೊಲದವ್ರಿ, ಸಾಹೇಬ್ರ.”

“ಹಂಗಾದ್ರ ನಿಯಮದ ಪ್ರಕಾರನ ಐತಿ ಬಿಡ್ರಿ” ಎಂದು ಅವರು ನಾಲ್ಕನೆಯದಕ್ಕೆ ಎಲೆ ಮುಂದೆ ಸರಿಸಿದರು.