ಮಾಲಕರಿಗೆ ಉಪವಾಸ

ಡೊಂಬಿವಲಿ ಸ್ಟೇಷನ್ನಿನ ಪಕ್ಕ ಹೋಟೆಲು ಇಟ್ಟುಕೊಂಡು ಗಲ್ಲಾದಲ್ಲಿ ಕೂತವನಿಗೆ ಬೇರೆ ಮನರಂಜನೆ ಬೇಡ ಮಾರಾಯ್ರೆ. ದಿನಾ ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ಜನ ಹೋಟೆಲಿಗೇ ಬಂದು ಉಪವಾಸ ಮಾಡಲು ಶುರು ಮಾಡಿದ ಮೇಲೆ ನಡೆದಷ್ಟು ತಮಾಷೆ ನಮ್ಮ ಅಪ್ಪನ ಕಾಲದಲ್ಲೂ ನಡೆದಿರಲಿಕ್ಕಿಲ್ಲ. ಇದು ದೇವರ ಉಪವಾಸ ಅಲ್ಲ, ಕೊಬ್ಬು ಕರಗಿಸುವ ಉಪವಾಸ. ಹದಿನಾರು ಗಂಟೆ ಬಾಯಿ ಮುಚ್ಚಿರಬೇಕು, ಉಳಿದ ಎಂಟು ಗಂಟೆಯೊಳಗೆ ತಿಂದು ಮುಗಿಸಬೇಕು. ಬಾಯಿ ಮುಚ್ಚಿದವರನ್ನು ಮಾತ್ರ ನಾನು ಈವರೆಗೆ ನೋಡಿಲ್ಲ. ತಿನ್ನದ ಹೊತ್ತಿನಲ್ಲಿ ಅದರ ಬಗ್ಗೆಯೇ ಭಾಷಣ ಮಾಡುತ್ತಾರೆ.

ಮುಂದೆ ಓಡುವ ಗಡಿಯಾರ

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಬರುತ್ತಿದ್ದರು. ಅವರ ಉಪವಾಸ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದು. ಜಾಗ ಸಿಗದಿದ್ದರೆ ಕಷ್ಟ ಅಂತ ಅವರು ಹನ್ನೊಂದೂವರೆಗೇ ಬಂದು ಗೋಡೆ ಗಡಿಯಾರದ ಎದುರು ಕೂತು ಮಸಾಲೆ ದೋಸೆ ತರಿಸುತ್ತಿದ್ದರು. ತರಿಸಿ ಮುಟ್ಟುತ್ತಿರಲಿಲ್ಲ. ಬರೇ ನೋಡುತ್ತಿದ್ದರು. ಕುರ್ಚಿಯ ಹಿಂದೆ ಜಾಗಕ್ಕಾಗಿ ಕಾದು ನಿಂತ ನಾಲ್ಕು ಮಂದಿಯೂ ಅದೇ ದೋಸೆಯನ್ನು ನೋಡುತ್ತಿದ್ದರು.

"ಸಾಹೇಬ್ರೆ, ಆರಿ ಹೋಗ್ತದೆ," ಅಂದ ನಮ್ಮ ವೇಟರ್.

"ಹೋಗಲಿ. ಶಿಸ್ತು ಅಂದ್ರೆ ಶಿಸ್ತು."

ಗಡಿಯಾರ ಹನ್ನೆರಡು ತೋರಿಸಿತು. ಶಿಸ್ತು ದೋಸೆಯ ಮೇಲೆ ಬಿತ್ತು. ಅರ್ಧ ಖಾಲಿಯಾದಾಗ ಹಿಂದೆ ನಿಂತವರಲ್ಲೊಬ್ಬ ಮೊಬೈಲ್ ನೋಡಿ, "ಅಂಕಲ್, ಇನ್ನೂ ಹನ್ನೆರಡಾಗಿಲ್ಲ. ಹತ್ತು ನಿಮಿಷ ಉಂಟು," ಅಂದುಬಿಟ್ಟ.

ವಿಷಯ ಏನೆಂದರೆ, ಗಿರಾಕಿಗಳಿಗೆ ಲೋಕಲ್ ರೈಲು ತಪ್ಪಬಾರದು ಅಂತ ನಮ್ಮ ಅಪ್ಪ ಆ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಹಳೇ ಗಿರಾಕಿಗಳಿಗೆಲ್ಲ ಗೊತ್ತು, ಇವರಿಗೆ ಗೊತ್ತಿಲ್ಲ. ಚಟ್ನಿ ಕೈಯಲ್ಲೇ ಗಲ್ಲಾಕ್ಕೆ ಬಂದರು. "ನನ್ನ ಹದಿನಾರು ಗಂಟೆ ನೀರುಪಾಲಾಯ್ತು! ಇದಕ್ಕೆ ಯಾರ್ರೀ ಜವಾಬ್ದಾರಿ?"

ಮರುದಿನ ಬಂದರು. ನಿನ್ನೆಯ ಹತ್ತು ನಿಮಿಷವನ್ನೂ ಸೇರಿಸಿ ದೋಸೆಯನ್ನು ದಿಟ್ಟಿಸುತ್ತ ಕೂತರು. ಬಡ್ಡಿ ಹಾಕಿಕೊಳ್ಳಲಿಲ್ಲ, ಅಷ್ಟೇ ಪುಣ್ಯ.

ಭಾವನ ಎಂಟು ಗಂಟೆ

ನನ್ನ ಹೆಂಡತಿಯ ಅಣ್ಣ ಕೋಪರಖೈರಣೆಯಲ್ಲಿ ಅಂಗಡಿ ಇಟ್ಟವರು. ಈ ವಿದ್ಯೆಯಲ್ಲಿ ಅವರು ಗುರುಗಳು. ಒಂದು ಭಾನುವಾರ ಹೆಂಡತಿ ಸಮೇತ ನಮ್ಮ ಮನೆಗೆ ಬಂದರು. ಮಧ್ಯಾಹ್ನ ಒಂದು ಗಂಟೆಯವರೆಗೆ ಹಾಲಿಲ್ಲದ ಚಹಾ ಕುಡಿಯುತ್ತ, ಕೊಬ್ಬು ಯಾವ ಹೊತ್ತಿಗೆ ಎಲ್ಲಿಂದ ಹೊರಡುತ್ತದೆ ಅಂತ ವಿವರಿಸಿದರು. ಒಂದು ಹೊಡೆಯಿತು ನೋಡಿ, ಊಟ. ಆಮೇಲೆ ಪಾಯಸ. ಆಮೇಲೆ ಹಲಸಿನ ಹಪ್ಪಳ. ಗೋಳಿಬಜೆ. ಅದು ಜೀರ್ಣವಾಗಲಿಕ್ಕೆ ಬಾಳೆಹಣ್ಣು.

"ಅಣ್ಣ, ಸ್ವಲ್ಪ ಸುಧಾರಿಸ್ಕೊ," ಅಂದಳು ನನ್ನವಳು.

"ಒಂಬತ್ತರವರೆಗೆ ಟೈಮ್ ಉಂಟಲ್ಲ, ಹಾಳು ಮಾಡುವುದು ಯಾಕೆ?"

ಅತ್ತಿಗೆ ಅಡುಗೆಮನೆಯಲ್ಲಿ ಹಣೆ ಚಚ್ಚಿಕೊಂಡರು. "ಮೊದಲು ಮೂರು ಹೊತ್ತು ಬೇಯಿಸಿದ್ರೆ ಸಾಕಿತ್ತು. ಈ ಉಪವಾಸ ಶುರು ಆದ ಮೇಲೆ ಒಲೆ ಆರಿಸ್ಲಿಕ್ಕೇ ಇಲ್ಲ!"

ಹೊರಡುವಾಗ ಭಾವ ನನ್ನ ಹೊಟ್ಟೆಯ ಕಡೆ ಕೈ ತೋರಿಸಿ, "ಇವರಿಗೂ ಹಿಡಿಸು ಮಾರಾಯ್ತಿ, ಹೀಗೆ ಬಿಟ್ರೆ ಆಗ್ಲಿಕ್ಕಿಲ್ಲ," ಅಂತ ತಂಗಿಗೆ ಹೇಳಿ ಚಪ್ಪಲಿ ಹಾಕಲು ಬಗ್ಗಿದರು. ಟಪ್ ಅಂತ ಅವರ ಪ್ಯಾಂಟಿನ ಗುಂಡಿ ಹಾರಿ ಲಿಫ್ಟಿನ ಬಾಗಿಲಿಗೆ ಬಡಿಯಿತು. ಭಾವ ಒಂದಿಷ್ಟೂ ಅಳುಕಲಿಲ್ಲ. "ನೋಡಿದ್ಯಾ? ಹೇಗೆ ಸಡಿಲ ಆಗ್ತಾ ಉಂಟು!"

ಮೊದಲ ಪ್ಲೇಟು

ನನ್ನ ಗ್ರಹಚಾರಕ್ಕೆ ಅದೇ ವಾರ ಡಾಕ್ಟರು ನನ್ನ ಲಿವರಿನಲ್ಲಿ ಕೊಬ್ಬು ಉಂಟು ಅಂದರು. ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು: "ನಾಳೆಯಿಂದ ಹನ್ನೆರಡರವರೆಗೆ ನಿಮಗೆ ಏನೂ ಇಲ್ಲ."

ಈಗ ನಮ್ಮ ಹೋಟೆಲಿನ ಒಂದು ಪದ್ಧತಿ ಹೇಳಬೇಕು. ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ಮೊದಲ ಒಬ್ಬೆ ಇಡ್ಲಿಯ ಮೊದಲ ಪ್ಲೇಟು ಮಾಲಕನಿಗೆ. ಅದನ್ನು ಬಾಗಿಲ ಹತ್ತಿರದ ಮೇಜಿನಲ್ಲಿ, ರಸ್ತೆಗೆ ಕಾಣುವ ಹಾಗೆ ಕೂತು ತಿನ್ನಬೇಕು. ಅಪ್ಪ ತಿಂದರು, ಆಮೇಲೆ ನಾನು ತಿಂದೆ. ಏನೂ ಯೋಚಿಸದೆ ತಿನ್ನುತ್ತಿದ್ದೆ. ನಿಲ್ಲಿಸಿದ ಮೇಲೆ ಗೊತ್ತಾಯಿತು ಅದನ್ನು ಎಷ್ಟು ಮಂದಿ ನೋಡುತ್ತಿದ್ದರು ಅಂತ.

ದಿನಾ ಮೊದಲು ಬರುವ ಗಿರಾಕಿ ಒಬ್ಬ ಮರಾಠಿ ಅಜ್ಜ, ಎಲ್ಲರಿಗೂ ಆಜೋಬಾ. ಖಾಲಿ ಮೇಜು ನೋಡಿದರು, ನನ್ನನ್ನು ನೋಡಿದರು. "ಶೇಟ್, ಇವತ್ತು ಇಡ್ಲಿ ತಿನ್ನಲಿಲ್ಲ?"

"ಇಲ್ಲ ಆಜೋಬಾ, ಬೇಡ."

"ಹಾಗಾದ್ರೆ ನನಗೂ ಬೇಡ. ಚಹಾ ಸಾಕು."

ಮೂರನೇ ದಿನಕ್ಕೆ ಸುದ್ದಿ ಪ್ಲಾಟ್‌ಫಾರ್ಮು ಹತ್ತಿತು. ಮಾಲಕನೇ ಅಲ್ಲಿ ತಿನ್ನುವುದಿಲ್ಲವಂತೆ. ಲೋಕಲ್ ಹತ್ತಿದ ಆ ಸುದ್ದಿ ಕಲ್ಯಾಣ ದಾಟುವಾಗ ಅದರಲ್ಲಿ ನನಗೆ ವಾಂತಿಯಾಗಿತ್ತು. ಬದಲಾಪುರ ಮುಟ್ಟುವಷ್ಟರಲ್ಲಿ ನನ್ನನ್ನು ಆಸ್ಪತ್ರೆಗೆ ಹಾಕಿ ಸಲೈನ್ ಏರಿಸಿ ಆಗಿತ್ತು! ನಮ್ಮ ಹೋಟೆಲು ನಿಂತಿರುವುದೇ ಬೆಳಗಿನ ಜನರ ಮೇಲೆ. ಆ ಜನವೇ ರಸ್ತೆಯ ಆಚೆ ಬದಿ ಹಿಡಿದು ನಡೆಯತೊಡಗಿದರು. ನನ್ನ ಹೊಟ್ಟೆ ಕರಗಲಿಲ್ಲ, ಗಲ್ಲಾ ಕರಗಿತು.

ಹತ್ತಿರದ ಕಟ್ಟಡದ ಕೆಲಸದಲ್ಲಿದ್ದ ಕಲಬುರಗಿಯ ಮೇಸ್ತ್ರಿ ಒಬ್ಬ ಮಾತ್ರ ಮುಖಕ್ಕೇ ಕೇಳಿದ. "ಯಾಕ್ರೀ ಮಾಲಕ್ರ, ನಿಮ್ಮ ಇಡ್ಲಿ ನಿಮಗs ಸೇರವಲ್ದೇನು?"

ಡಾಕ್ಟರು, ಲಿವರು, ಹದಿನಾರು ಗಂಟೆ, ಎಲ್ಲ ಹೇಳಿದೆ. ಸಾವಧಾನವಾಗಿ ಕೇಳಿದ.

"ಅಂದ್ರ ಮುಂದ ಇಟ್ಟಿದ್ದನ್ನ ತಿನ್ನಂಗಿಲ್ಲ?"

"ತಿನ್ನುವ ಹಾಗಿಲ್ಲ."

"ಹಂಗಾದ್ರ ನಿಮ್ಮ ಪಾಲಿಂದು ಈ ಕಡೆ ಹಾಕ್ರಿ. ಸುಮ್ನ ಯಾಕ ತಣ್ಣಗಾಗಬೇಕು?"

ಹಾಕಿಸಿದೆ. ಇನ್ನೇನು ಮಾಡುವುದು? ಆವತ್ತು ನನ್ನ ಉಪವಾಸದಿಂದ ತೂಕ ಹೆಚ್ಚಿದ್ದು ಅವನದು.

ಬೋರ್ಡು

"ಇದಕ್ಕೆಲ್ಲ ತಲೆ ಕೆಡಿಸ್ಕೊಳ್ತಾರಾ? ಒಂದು ಬೋರ್ಡು ಹಾಕಿ," ಅಂತ ಭಾವ ಫೋನಿನಲ್ಲೇ ಉಪಾಯ ಕೊಟ್ಟರು. ಬಾಯಲ್ಲಿ ಏನೋ ಇತ್ತು. 'ಮಾಲಕರಿಗೆ ಉಪವಾಸ' ಅಂತ ಮರಾಠಿಯಲ್ಲಿ ಬರೆಸಿ ಬಾಗಿಲ ಮೇಜಿನ ಮೇಲ್ಗಡೆ ತೂಗುಹಾಕಿದೆ.

ಆಜೋಬಾ ಓದಿ ಕೈ ಮುಗಿದರು. "ಮೊದಲೇ ಹೇಳಬಾರದಿತ್ತಾ ಶೇಟ್! ಸರಿ, ಒಂದು ಪ್ಲೇಟ್ ಸಾಬುದಾನ ಖಿಚಡಿ ತಾ."

"ಖಿಚಡಿ ಎಲ್ಲಿಂದ ಆಜೋಬಾ?"

"ಉಪವಾಸ ಅಂದ ಮೇಲೆ ಒಳಗೆ ಖಿಚಡಿ ಆಗಿರಲೇಬೇಕಲ್ಲ. ಮತ್ತೆ ನೀನೇನು ತಿನ್ನುತ್ತೀ?"

"ಏನೂ ತಿನ್ನುವುದಿಲ್ಲ."

"ಏನೂ ತಿನ್ನದೆ ಅದು ಎಂಥ ಉಪವಾಸ?"

ಅಜ್ಜನದು ತಪ್ಪಲ್ಲ. ಈ ಊರಲ್ಲಿ ಉಪವಾಸ ಅಂದರೆ ಶೇಂಗಾ ಹಾಕಿ, ತುಪ್ಪ ಸುರಿದು, ಹೊಟ್ಟೆ ಬಿರಿಯುವಷ್ಟು ಸಾಬಕ್ಕಿ ಖಿಚಡಿ. ಬೋರ್ಡು ಓದಿ ಒಳಗೆ ಬಂದವರೆಲ್ಲ ಅದನ್ನೇ ಕೇಳಿದರು. ನಮ್ಮ ಅಡುಗೆಯ ಭಟ್ಟರ ಹತ್ತಿರ ಗೋಗರೆದು ಮಾಡಿಸಿದೆ. ಮರುದಿನ ಬೆಳಿಗ್ಗೆ ಎಂಟು ಹೊಡೆಯುವುದರೊಳಗೆ ಪಾತ್ರೆ ಖಾಲಿ! ಹೋದ ಜನ ವಾಪಸು ಬಂದರು ಅಂತ ನಾನು ಖುಷಿಯಲ್ಲಿದ್ದರೆ, ಭಟ್ಟರು ಚೀಲ ಕಟ್ಟಿಕೊಂಡು ಗಲ್ಲಾದ ಎದುರು ನಿಂತರು. ಇಡ್ಲಿ ಹಾಗೇ ಉಳಿದಿತ್ತು.

"ನಿಮ್ಮ ಅಪ್ಪ ತಿಂದ್ರು, ನೀವು ತಿಂದ್ರಿ. ಈಗ ಮಾಲಕರೇ ಬಾಯಿಗೆ ಹಾಕದ ಇಡ್ಲಿಯನ್ನು ನಾನು ಯಾರಿಗೆ ಹುಯ್ಯಲಿ? ಊರಿಗೆ ಟಿಕೆಟ್ ಮಾಡಿಸಿ."

ಭಟ್ಟರು ಹೋದರೆ ಹೋಟೆಲು ಹೋದ ಹಾಗೆಯೇ. ಹೆಂಡತಿಗೆ ಫೋನ್ ಮಾಡಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಎಂಟು ಗಂಟೆ ಯಾವುದಾದ್ರೆ ಎಂತ? ಬೆಳಿಗ್ಗೆ ತಿನ್ನಿ. ಮೂರರ ಮೇಲೆ ಬಾಯಿ ಮುಚ್ಚಿ. ರಾತ್ರಿ ಅಡುಗೆ ಮಾಡುವುದು ನನಗೂ ತಪ್ತದೆ." ಇಷ್ಟು ದಿನ ಇದು ಯಾರಿಗೂ ಹೊಳೆಯಲಿಲ್ಲವಲ್ಲ!

ಮರುದಿನ ಬೆಳಿಗ್ಗೆ ಬಾಗಿಲ ಮೇಜಿಗೆ ಹೋಗಿ ಕೂತೆ. ಭಟ್ಟರು ಸ್ವತಃ ಪ್ಲೇಟು ತಂದಿಟ್ಟು ಎದುರೇ ನಿಂತರು. ಮೊದಲ ತುಂಡು ಸಾಂಬಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಆಹಾ! ಕಣ್ಣಲ್ಲಿ ನೀರು ಬಂತು, ಭಟ್ಟರ ಕಣ್ಣಲ್ಲೂ ಬಂತು. ಆ ಖುಷಿಗೆ ಎರಡು ವಡೆ ಹೇಳಿದೆ. ವಡೆ ಮುಗಿಯುವಾಗ ಭಟ್ಟರು ಕೇಳದೆಯೇ ಒಂದು ದೋಸೆ ತಂದರು. ಅವರ ಮನಸ್ಸು ನೋಯಿಸಬಾರದಲ್ಲ, ಅದನ್ನೂ ತಿಂದೆ.

ಬೋರ್ಡು ತೆಗೆಯಲು ಮರೆತಿದ್ದೆ. ಆಜೋಬಾ ಬಾಗಿಲಲ್ಲಿ ನಿಂತು ತಲೆಯೆತ್ತಿ ಅದನ್ನು ಓದಿದರು. ತಲೆ ತಗ್ಗಿಸಿ ನನ್ನ ಮುಂದಿದ್ದ ಮೂರು ಪ್ಲೇಟು ನೋಡಿದರು. ಮತ್ತೊಮ್ಮೆ ಬೋರ್ಡು ಓದಿದರು. ಆಮೇಲೆ ಮೆಲ್ಲಗೆ ನನ್ನ ಎದುರು ಕೂತು, ಯಾರಿಗೂ ಕೇಳದ ಹಾಗೆ ಬಗ್ಗಿ ಕೇಳಿದರು:

"ಶೇಟ್, ಇದು ಯಾವ ದೇವರ ಉಪವಾಸ? ನನಗೂ ಹೇಳು, ನಾಳೆಯಿಂದಲೇ ಹಿಡೀತೇನೆ."